ಹಳೆಯ ಬೈಕಿನ ಬೆಲೆ ಘಾಟಿಯ ರಸ್ತೆಯಲ್ಲಿ ನಿರ್ಧಾರವಾಗಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಬರುವ ಹೊಸ ಬೈಕುಗಳ ವಿಮರ್ಶೆಗಳನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಆದರೆ ರೈಲು ಕಾಣದ, ಕತ್ತಲಾದ ಮೇಲೆ ಒಳಗಿನ ಊರುಗಳಿಗೆ ಬಸ್ಸು ಸಿಗುವುದೂ ಕಷ್ಟವಾದ ಕೊಡಗಿನಂಥ ಜಿಲ್ಲೆಯಲ್ಲಿ ಪಟ್ಟಣಕ್ಕೆ ಕೆಲಸಕ್ಕೆ ಹೋಗುವ ಯುವಕರು, ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರು, ಎರಡು ಮೂರು ಎಕರೆಯ ಸಣ್ಣ ಬೆಳೆಗಾರರು ಮುಂತಾದ ಅನೇಕರು ಕೊಳ್ಳುವುದು ಹೊಸ ಬೈಕನ್ನಲ್ಲ, ಇನ್ನೊಬ್ಬರು ಓಡಿಸಿ ಮಾರಿದ ಸೆಕೆಂಡ್ ಹ್ಯಾಂಡ್ ಬೈಕನ್ನು. ಅದನ್ನು ಹೇಗೆ ಪರೀಕ್ಷಿಸಬೇಕೆಂಬ ಬಗ್ಗೆ ನಮ್ಮ ಭಾಷೆಯಲ್ಲಿ ಓದಲು ಸಿಗುವುದು ಕಡಿಮೆ, ಸಿಕ್ಕಿದರೂ ಅದು ಬಹುಮಟ್ಟಿಗೆ ಬಯಲುಸೀಮೆಯ ನೇರ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೊಡಗಿನಲ್ಲಿ ಹಳೆಯ ಬೈಕೊಂದರ ಬೆಲೆಯನ್ನು ಅಂಗಡಿಯ ಮುಂದೆ ನಿಂತು ಮಾತನಾಡಬಾರದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು, ಇಳಿಜಾರು, ತಿರುವು ಮೂರೂ ಇರುವ ರಸ್ತೆಯಲ್ಲಿ ಓಡಿಸಿ ಬಂದ ನಂತರವೇ ಮಾತನಾಡಬೇಕು, ಮಾರುವವರು ಅದಕ್ಕೆ ಅವಕಾಶ ಕೊಡಬೇಕು ಎಂಬುದನ್ನು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಮ್ಮನ ಮಗ ಬೈಕು ಹುಡುಕುತ್ತಿದ್ದಾಗ ಅವನ ಜತೆ ನಾನೂ ಓಡಾಡಿದೆ. ನಾಪೋಕ್ಲಿನ ಕಡೆಯಿಂದ ಮಡಿಕೇರಿಗೆ ದಿನವೂ ಕೆಲಸಕ್ಕೆ ಹೋಗುವವನು ಅವನು. ರಜೆ ಬಂದರೆ ಹೆಂಡತಿಯನ್ನು ಕೂರಿಸಿಕೊಂಡು ಸಂಪಾಜೆ ಘಾಟಿ ಇಳಿದು ಸುಳ್ಯದ ಬಳಿಯ ಅವಳ ತವರಿಗೆ ಹೋಗಿ ಬರುತ್ತಾನೆ. ಕೊನೆಗೆ ಅವನ ಮುಂದೆ ಎರಡು ಆಯ್ಕೆಗಳು ಉಳಿದವು: ಬೆಂಗಳೂರಿನಲ್ಲಿ ಓಡಿ ಇಲ್ಲಿಗೆ ಬಂದಿದ್ದ, 2019ರಲ್ಲಿ ನೋಂದಣಿಯಾದ 350 ಸಿಸಿಯ ಒಂದು ಬೈಕು, ಅದಕ್ಕಿಂತ ಕೊಂಚ ಕಡಿಮೆ ಬೆಲೆಗೆ ಸಿಗುತ್ತಿದ್ದ, ಎರಡು ವರ್ಷ ಹೊಸದಾದ, ನಮ್ಮ ಕೊಡಗಿನದೇ ಆದ ಕೆಎ-12 ಸಂಖ್ಯೆಯ 150 ಸಿಸಿಯ ಇನ್ನೊಂದು. ಇವೆರಡನ್ನು ತೂಗಿ ನೋಡುವಾಗ ಕಂಡದ್ದು ಇತರರಿಗೂ ಉಪಯೋಗಕ್ಕೆ ಬರಬಹುದೆಂದು ವಿವರವಾಗಿ ಬರೆಯುತ್ತೇನೆ.

ಮೊದಲಿಗೆ ನಿಯಂತ್ರಣ, ಅಂದರೆ ಬೈಕು ಸವಾರನ ಮಾತು ಕೇಳುವ ರೀತಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಮದೆನಾಡು, ಜೋಡುಪಾಲ ದಾಟಿ ಸಂಪಾಜೆ ಮುಟ್ಟುವಷ್ಟರಲ್ಲಿ ಆ ಎತ್ತರದ ಬಹುಪಾಲನ್ನು ಇಳಿದುಬಿಟ್ಟಿರುತ್ತೇವೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ದುರಸ್ತಿಯಾದ ಈ ರಸ್ತೆಯಲ್ಲಿ ಒಂದು ತಿರುವು ಮುಗಿಯುವ ಮೊದಲೇ ಎದುರು ದಿಕ್ಕಿನ ಇನ್ನೊಂದು ತಿರುವು ಶುರುವಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಂಬರಿನ ಮೇಲೆ ನೀರು ಹರಿಯುತ್ತಲೇ ಇರುತ್ತದೆ. ಸಮತಟ್ಟಾದ ಬೀದಿಯಲ್ಲಿ ನೂರು ಮೀಟರ್ ಹೋಗಿ ಬಂದರೆ ತಿಳಿಯದ ದೋಷಗಳು ಇಲ್ಲಿ ಎರಡನೆಯ ತಿರುವಿನಲ್ಲೇ ಹೊರಬೀಳುತ್ತವೆ.

ರಸ್ತೆಗಿಳಿಯುವ ಮುನ್ನ ನಿಂತಲ್ಲೇ ನೋಡಬೇಕಾದ ಕೆಲವು ಸಂಗತಿಗಳಿವೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲದಿಂದ ಮೇಲೇಳುವಂತೆ ಹಿಂದೆ ಒಬ್ಬರು ಒತ್ತಿ ಹಿಡಿದಿರುವಾಗ, ಹ್ಯಾಂಡಲನ್ನು ಎರಡು ಬೆರಳಿನಿಂದ ಮೆಲ್ಲನೆ ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಅದು ಎಲ್ಲೂ ತಡೆಯದೆ ತಿರುಗಬೇಕು. ನಡುವೆ, ನೇರ ಓಡುವ ಸ್ಥಾನದಲ್ಲಿ, ಹಳ್ಳಕ್ಕೆ ಬಿದ್ದಂತೆ ಒಂದಿಷ್ಟು ಕಚ್ಚಿಕೊಂಡರೆ ಒಳಗಿನ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಲು ಇರುವ ಬೇರಿಂಗ್, ಸವೆದಿದೆ ಎಂದರ್ಥ. ಗುಂಡಿಬಿದ್ದ ರಸ್ತೆಯ ಹೊಡೆತವನ್ನು ತಿನ್ನುತ್ತ ನೇರವಾಗಿಯೇ ಓಡಿದ ಬೈಕುಗಳಲ್ಲಿ ಇದು ಸಾಮಾನ್ಯ. ನಗರದಲ್ಲಿ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಆದರೆ ಘಾಟಿಯಲ್ಲಿ ಬಲದಿಂದ ಎಡಕ್ಕೆ ಬೈಕನ್ನು ಹೊರಳಿಸುವ ಕ್ಷಣದಲ್ಲಿ ಹ್ಯಾಂಡಲ್ ತಡವಾಗಿ ಸ್ಪಂದಿಸಿ ಸವಾರನನ್ನು ರಸ್ತೆಯ ನಡುಗೆರೆಯ ಕಡೆಗೆ ಒಯ್ಯುತ್ತದೆ. ಬಳಿಕ ಹಿಂದಿನ ಚಕ್ರವನ್ನು ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿ ನೋಡಬೇಕು. ಟಕ್ ಎಂಬ ಸದ್ದಿನೊಡನೆ ಚಕ್ರ ಆಡಿದರೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಷ್ ಅಥವಾ ಚಕ್ರದ ಬೇರಿಂಗ್ ಹೋಗಿದೆ. ಮುಂದಿನ ಫೋರ್ಕ್‌ನ ಹೊಳೆಯುವ ಕೊಳವೆಗಳ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಅವು ಆಯಿಲ್ ಸೀಲನ್ನು ಕೊರೆಯುತ್ತವೆ, ಸೋರಿದ ಎಣ್ಣೆ ಕೆಳಗಿಳಿದು ಬ್ರೇಕಿನವರೆಗೂ ಬರಬಹುದು.

ಟೈರುಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಕೊಳ್ಳುವವರು ಕಚ್ಚುಗಳ ಆಳವನ್ನು ಮಾತ್ರ ನೋಡಿ ಬಿಟ್ಟುಬಿಡುತ್ತಾರೆ. ಹೆದ್ದಾರಿಯಲ್ಲಿ ನೇರವಾಗಿ ಓಡಿದ ಬೈಕಿನ ಹಿಂದಿನ ಟೈರು ನಡುವೆ ಮಾತ್ರ ಸವೆದು ಚಪ್ಪಟೆಯಾಗುತ್ತದೆ, ಅಂಚುಗಳು ಹೊಸದರಂತೆಯೇ ಉಳಿಯುತ್ತವೆ. ಇಂಥ ಬೈಕು ತಿರುವಿನಲ್ಲಿ ಮೊದಲು ವಾಲಲು ಒಪ್ಪುವುದಿಲ್ಲ, ಚಪ್ಪಟೆಯ ಅಂಚನ್ನು ದಾಟಿದ ಕೂಡಲೇ ಬೇಕಾದುದಕ್ಕಿಂತ ಹೆಚ್ಚು ವಾಲಿಬಿಡುತ್ತದೆ. ನಾವು ನೋಡಿದ 350 ಸಿಸಿ ಬೈಕಿನ ಟೈರು ಹೀಗೇ ಇತ್ತು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಬೇಕು: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಕಚ್ಚು ಎಷ್ಟೇ ಆಳವಾಗಿರಲಿ, ವರ್ಷಗಳು ಕಳೆದಂತೆ ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ನೋಟಕ್ಕೆಂದು ಅಳತೆ ಮೀರಿದ ದಪ್ಪ ಟೈರು ಹಾಕಿಸಿರುವ ಬೈಕುಗಳನ್ನು ನಾನಂತೂ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅಳತೆ ಮೀರಿದರೆ ರಿಮ್ಮಿನ ಮೇಲೆ ಟೈರಿನ ಆಕಾರವೇ ಬದಲಾಗಿ ತಿರುವಿನಲ್ಲಿ ಬೈಕು ಮೊಂಡಾಗುತ್ತದೆ.

ಆಮೇಲೆ ಸವಾರಿ. ಇಳಿಜಾರಿನಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ, ಎಂಜಿನ್ನಿನ ತಡೆಯಲ್ಲೇ ವೇಗ ಹಿಡಿದಿಟ್ಟುಕೊಂಡು ಇಳಿಯುವಾಗ ಗೇರು ತಾನಾಗಿ ಕಳಚಿ ನ್ಯೂಟ್ರಲ್‌ಗೆ ಬರುತ್ತದೆಯೇ, ಎಡ ತಿರುವಿಗೂ ಬಲ ತಿರುವಿಗೂ ಒಂದೇ ಪ್ರಮಾಣದ ಬಲ ಸಾಕಾಗುತ್ತದೆಯೇ, ತಿರುವಿನ ನಡುವೆ ಗುಂಡಿ ಸಿಕ್ಕಾಗ ಬೈಕು ತನ್ನ ದಾರಿಯಲ್ಲೇ ಉಳಿಯುತ್ತದೆಯೇ ಎಂಬುದನ್ನು ಗಮನಿಸಬೇಕು. ಒಂದು ಕಡೆಗೆ ಸುಲಭವಾಗಿ, ಇನ್ನೊಂದು ಕಡೆಗೆ ಕಷ್ಟಪಟ್ಟು ತಿರುಗುವ ಬೈಕು ಎಲ್ಲೋ ಬಿದ್ದು ಫೋರ್ಕನ್ನೋ ಚಾಸಿಯನ್ನೋ ಬಾಗಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಎಂಜಿನ್ನನ್ನು ಕಟ್ಟಿ ಸರಿಪಡಿಸಬಹುದು; ಬಾಗಿದ ಚಾಸಿಯ ಬೈಕನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು.

ಬ್ರೇಕಿನ ವಿಷಯಕ್ಕೆ ಬಂದರೆ, ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಎಣ್ಣೆಯ ಗುಣವೇ ಮುಖ್ಯವಾಗುತ್ತದೆ. ಅದು ಗಾಳಿಯ ತೇವವನ್ನು ಹೀರುವ ಎಣ್ಣೆ. ತೇವ ಸೇರಿದಷ್ಟೂ ಅದು ಕಡಿಮೆ ಶಾಖದಲ್ಲೇ ಕುದಿಯುತ್ತದೆ, ಕುದಿದು ಗುಳ್ಳೆ ಎದ್ದರೆ ಲಿವರ್ ಕೈಗೆ ಮೆತ್ತಗಾಗಿ ಬ್ರೇಕು ಹಿಡಿಯುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಇದನ್ನು ಹಳೆಯ ಬೈಕುಗಳಲ್ಲಿ ಯಾರೂ ಮುಟ್ಟಿರುವುದಿಲ್ಲ. ಹ್ಯಾಂಡಲ್ ಮೇಲಿನ ಡಬ್ಬಿಯ ಕಿಂಡಿಯಲ್ಲಿ ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸದೆ ಘಾಟಿ ಇಳಿಯಬಾರದು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು ಹೊಸ ಮಾದರಿಗಳಲ್ಲಿ 2018ರ ಏಪ್ರಿಲ್‌ನಿಂದ, ಉಳಿದೆಲ್ಲವುಗಳಲ್ಲಿ 2019ರ ಏಪ್ರಿಲ್‌ನಿಂದ. ಆದ್ದರಿಂದ 2019ರ ಬೈಕು ಎಂದಾಗ ತಿಂಗಳನ್ನೂ ಕೇಳಬೇಕು, ಚಕ್ರದ ನಡುವೆ ಎಬಿಎಸ್‌ನ ಗುರುತಾದ ಸಣ್ಣ ಸೀಳುಗಳಿರುವ ಉಂಗುರ ಇದೆಯೇ ಎಂದು ನೋಡಬೇಕು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿ, ಬೈಕು ಚಲಿಸಿದ ಕೂಡಲೇ ಆರಬೇಕು. ಹೊತ್ತದಿದ್ದರೂ ದೋಷ, ಆರದಿದ್ದರೂ ದೋಷ. ಮಳೆಗಾಲದ ಪಾಚಿಗಟ್ಟಿದ ರಸ್ತೆಯಲ್ಲಿ ಓಡಾಡುವ ನಮಗೆ ಇದೊಂದು ಸೌಲಭ್ಯಕ್ಕಾಗಿ ಬೆಲೆ ಸ್ವಲ್ಪ ಹೆಚ್ಚಾದರೂ ಕೊಡುವುದು ಸರಿ.

ತೂಕ ಎಂಬುದು ಕಾಗದದ ಮೇಲೆ ಒಂದು ಸಂಖ್ಯೆ ಮಾತ್ರ; ಕೊಡಗಿನ ಒಳರಸ್ತೆಯಲ್ಲಿ ಅದು ದಿನನಿತ್ಯದ ಅನುಭವ. 150 ಸಿಸಿ ವರ್ಗದ ಬೈಕುಗಳು 140ರಿಂದ 150 ಕೆ.ಜಿ. ತೂಗಿದರೆ ರಾಯಲ್ ಎನ್‌ಫೀಲ್ಡ್ ಕಂಪನಿಯ ಕ್ಲಾಸಿಕ್ 350ರಂಥವು 190 ಕೆ.ಜಿ. ಮೀರುತ್ತವೆ. ಸಿದ್ದಾಪುರ, ಮಾಲ್ದಾರೆ ಕಡೆಯ ರಸ್ತೆಗಳಲ್ಲಿ ತಿರುವಿನಾಚೆ ಆನೆ ನಿಂತಿದ್ದರೆ ಬೈಕನ್ನು ಅಲ್ಲೇ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಹಿಂದೆ ಒಬ್ಬರು ಕೂತಿರುವಾಗ, ಏರಿನಲ್ಲಿ, ಕಿರಿದಾದ ರಸ್ತೆಯಲ್ಲಿ ಆ ಐವತ್ತು ಕಿಲೋ ವ್ಯತ್ಯಾಸ ಪ್ರಾಣದ ಪ್ರಶ್ನೆಯೇ ಆಗಬಹುದು. ಇನ್ನೊಂದು ಕಡೆ, ಹಳೆಯ ಕ್ಲಾಸಿಕ್ 350ರ ಎಂಜಿನ್ 4,000 ಆರ್‌ಪಿಎಂನಲ್ಲೇ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗಲೇ) 28 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ, ಕೊಡುತ್ತದೆ. 150 ಸಿಸಿಯ ಬೈಕುಗಳು ಅದರ ಅರ್ಧದಷ್ಟನ್ನು 6,000ದ ಆಸುಪಾಸಿನಲ್ಲಿ ಕೊಡುತ್ತವೆ. ಇಬ್ಬರು ಕೂತು ಸಂಪಾಜೆಯಿಂದ ಮೇಲೆ ಹತ್ತುವಾಗ ಇದರ ಪರಿಣಾಮ ಚೆನ್ನಾಗಿ ತಿಳಿಯುತ್ತದೆ. ಸಣ್ಣ ಬೈಕಿನಲ್ಲಿ ಪ್ರತಿ ತಿರುವಿಗೂ ಗೇರು ಇಳಿಸಿ ಎಂಜಿನ್ನನ್ನು ಕಿರುಚಿಸಬೇಕಾಗುತ್ತದೆ. ದೊಡ್ಡದು ಅದೇ ಗೇರಿನಲ್ಲಿ ಹತ್ತಿಕೊಂಡು ಹೋಗುತ್ತದೆ.

ಇನ್ನು ಆರಾಮದ ಮಾತು. ಸೀಟು ದಪ್ಪವಾಗಿ, ಮೆತ್ತಗಿದ್ದರೆ ಆರಾಮ ಎಂದು ಭಾವಿಸುವುದು ತಪ್ಪು. ಹಳೆಯ ಫೋಮು ಹತ್ತು ನಿಮಿಷಕ್ಕೆ ಹಿತವಾಗಿದ್ದು, ಒಂದು ಗಂಟೆ ಕಳೆಯುವಷ್ಟರಲ್ಲಿ ಒಳಗಿನ ತಗಡು ಮೈಗೆ ತಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಬಿಗಿತ ಹೊಂದಿಸುವ ಹಲ್ಲುಗಳು ತುಕ್ಕು ಹಿಡಿದು ತಿರುಗದೇ ಹೋಗಿದ್ದರೆ, ಒಬ್ಬರೇ ಹೋಗುವಾಗಲೂ ಇಬ್ಬರು ಹೋಗುವಾಗಲೂ ಒಂದೇ ಬಿಗಿತದಲ್ಲಿ ಸವಾರಿ ಮಾಡಬೇಕಾಗುತ್ತದೆ. 350ರ ಹಳೆಯ ಎಂಜಿನ್‌ಗಳಲ್ಲಿ ವೇಗ ಹೆಚ್ಚಿದಂತೆ ಹ್ಯಾಂಡಲಿಗೂ ಫುಟ್‌ರೆಸ್ಟಿಗೂ ನಡುಕ ಬರುತ್ತದೆ. 2020ರ ನವೆಂಬರ್‌ನಲ್ಲಿ ಅದೇ ಕಂಪನಿಯ ಮೀಟಿಯರ್ ಬೈಕಿನ ಜತೆ ಬಂದು 2021ರಲ್ಲಿ ಕ್ಲಾಸಿಕ್‌ಗೂ ಸೇರಿದ ಹೊಸ ಎಂಜಿನ್‌ನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇರುವುದರಿಂದ ನಡುಕ ಬಹಳ ಕಡಿಮೆಯಾಗಿದೆ. ದಿನವೂ ಕುಶಾಲನಗರದಿಂದ ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಹೋಗುವವರಾದರೆ ಹೊಸ ಎಂಜಿನ್ನಿನ ಬೈಕಿಗೇ ಕಾಯುವುದು ಒಳ್ಳೆಯದು. ಘಾಟಿಯಲ್ಲಿ ನಲವತ್ತು ಐವತ್ತರ ವೇಗದಲ್ಲಿ ಹೋಗುವವರಿಗೆ ಹಳೆಯದರ ನಡುಕ ಅಷ್ಟು ಬಾಧಿಸದು.

ಆರಾಮವನ್ನು ಅಳೆಯುವವರು ಮುಂದೆ ಕೂತವರು ಮಾತ್ರ ಎಂಬ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ಬೈಕಿನ ಹಿಂದೆ ಕೂರುವವರು ಹೆಂಡತಿ, ತಾಯಿ, ಅತ್ತೆ; ಅವರಲ್ಲಿ ಅನೇಕರು ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾರೆ, ಅವರ ಭಾರವೆಲ್ಲ ಎಡಕ್ಕೆ ಬೀಳುವುದರಿಂದ ತಿರುವಿನಲ್ಲಿ ಬೈಕಿನ ವರ್ತನೆಯೂ ಬದಲಾಗುತ್ತದೆ. ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ಅಂದಕ್ಕೆಂದು ಸೀರೆ ಗಾರ್ಡನ್ನೂ ಹಿಡಿಕೆಯನ್ನೂ ಬಿಚ್ಚಿಸಿದ ಬೈಕುಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ನಾವು ನೋಡಿದ 350 ಸಿಸಿ ಬೈಕಿನಲ್ಲಿ ಇವೆರಡೂ ಇರಲಿಲ್ಲ. ಬೈಕು ಕೊಳ್ಳಲು ಹೋಗುವಾಗ ಹಿಂದೆ ಕೂರುವವರನ್ನೇ ಕರೆದೊಯ್ಯಿರಿ, ಅವರ ಮಾತಿಗೆ ಬೆಲೆ ಕೊಡಿ. ನಮ್ಮ ಸೊಸೆ ಇಳಿಜಾರಿನಲ್ಲಿ ಸೀಟು ಮುಂದಕ್ಕೆ ಜಾರುತ್ತದೆ ಎಂದಳು. ಸೀಟಿನ ಕೊಕ್ಕೆ ಮುರಿದದ್ದು ಗೊತ್ತಾದದ್ದು ಅವಳಿಂದಲೇ.

ಬೆಲೆಯ ವಿಷಯದಲ್ಲಿ ಮಾರುವವರ ಬಾಯಿಮಾತಿಗಿಂತ ಗಟ್ಟಿಯಾದ ಒಂದು ಆಧಾರವಿದೆ. ವಿಮೆಯ ಲೆಕ್ಕದಲ್ಲಿ ವಾಹನದ ಮೌಲ್ಯ ಮೂರರಿಂದ ನಾಲ್ಕು ವರ್ಷದೊಳಗೆ ಶೇ 40ರಷ್ಟು, ನಾಲ್ಕರಿಂದ ಐದು ವರ್ಷದೊಳಗೆ ಶೇ 50ರಷ್ಟು ಇಳಿಯುತ್ತದೆ. ಐದು ದಾಟಿದ ಮೇಲೆ ಅದು ವಿಮಾ ಕಂಪನಿ ಮತ್ತು ಮಾಲೀಕರ ಒಪ್ಪಿಗೆಗೆ ಬಿಟ್ಟದ್ದು. ಮಾರುಕಟ್ಟೆಯ ಬೆಲೆ ಇದಕ್ಕಿಂತ ಹೆಚ್ಚಿರಬಹುದು, ಆದರೆ ಎಷ್ಟು ಹೆಚ್ಚು, ಯಾಕೆ ಹೆಚ್ಚು ಎಂದು ಕೇಳಲು ಇದೊಂದು ಅಳತೆಗೋಲು. ಬದಲಾಯಿಸಿದ ಸೈಲೆನ್ಸರ್‌ಗೆ, ಅದರ ಗುಡುಗಿಗೆ ಹೆಚ್ಚು ಹಣ ಕೇಳುವವರಿದ್ದಾರೆ; ಅದು ದಂಡಕ್ಕೆ ಗುರಿಯಾಗುವ ವಸ್ತು, ಮೂಲ ಸೈಲೆನ್ಸರ್ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆಯಬೇಕೇ ಹೊರತು ಕೂಡಿಸಬಾರದು. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಕಂಡರೆ ಫುಟ್‌ರೆಸ್ಟಿನ ರಬ್ಬರು, ಬ್ರೇಕ್ ಪೆಡಲ್, ಚೈನ್ ಸ್ಪ್ರಾಕೆಟ್‌ನ ಹಲ್ಲುಗಳನ್ನು ನೋಡಿ. ಅವೂ ಮೀಟರೂ ಒಂದೇ ಮಾತು ಹೇಳಬೇಕು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ಮಾಲಿನ್ಯದ ನಿಯಮ ಜಾರಿಗೆ ಬಂದ ಮೇಲಿನ ಇಂಥ ಬೈಕುಗಳಲ್ಲಿ, ಸೆನ್ಸರ್‌ಗಳ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಇದೆ. ಡಿಸೆಂಬರ್‌ನ ಚಳಿಯ ಬೆಳಗಿನಲ್ಲಿ ಚೋಕ್ ಎಳೆಯದೆ ಸ್ಟಾರ್ಟ್ ಆಗುವ ಅನುಕೂಲ ಅದಕ್ಕಿದೆ. ಆದರೆ ಸೆನ್ಸರ್ ಕೆಟ್ಟರೆ ಊರಿನ ಗ್ಯಾರೇಜಿನಲ್ಲಿ ಸರಿಯಾಗುವುದಿಲ್ಲ. ಕಾರ್ಬ್ಯುರೇಟರ್ ಇರುವ ಹಳೆಯದನ್ನು ನಾಪೋಕ್ಲಿನ ಮೆಕ್ಯಾನಿಕ್ಕೇ ಬಿಚ್ಚಿ ತೊಳೆದು ಕೊಡುತ್ತಾರೆ. ಒಂದು ಬಿಡಿಭಾಗಕ್ಕಾಗಿ ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಹೋಗಬೇಕಾಗುವ ಬೈಕು ಎಷ್ಟೇ ಅಗ್ಗವಾದರೂ ದುಬಾರಿಯೇ. ನಮ್ಮ ಜಿಲ್ಲೆಯ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಸೀಟಿನ ಕೆಳಗಿನ ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು, ಹೆಡ್‌ಲೈಟಿನ ಒಳಗೆ ಕೆಸರಿನ ಗೆರೆ, ಎಂಜಿನ್ ಎಣ್ಣೆಯಲ್ಲಿ ಹಾಲಿನ ಬಣ್ಣ ಕಂಡರೆ ಬೈಕು ನೆರೆಯ ನೀರಿನಲ್ಲಿ ನಿಂತಿತ್ತೇ ಎಂದು ನೇರವಾಗಿ ಕೇಳಬೇಕು. 2018, 2019ರ ಪ್ರವಾಹಗಳಲ್ಲಿ ಕುಶಾಲನಗರದ ಬಡಾವಣೆಗಳಿಗೂ ಕರಡಿಗೋಡಿಗೂ ಕಾವೇರಿ ನುಗ್ಗಿದ್ದನ್ನು ನಾವು ಮರೆಯುವಂತಿಲ್ಲ.

ಕಾಗದಪತ್ರಗಳ ಬಗ್ಗೆ ಚುಟುಕಾಗಿ: ಸಾಲದಲ್ಲಿ ಕೊಂಡ ಬೈಕಾದರೆ ಸಾಲ ತೀರಿದ್ದಕ್ಕೆ ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30, ಕುಟ್ಟ ಅಥವಾ ಮಾಕುಟ್ಟದ ಆಚೆಯಿಂದ ಬಂದ ಕೇರಳ ನೋಂದಣಿಯದಾದರೆ ನಿರಾಕ್ಷೇಪಣಾ ಪತ್ರ ಮತ್ತು ಇಲ್ಲಿನ ಆಜೀವ ತೆರಿಗೆ ಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಹೆಸರು ಬದಲಾಗದ ಬೈಕು ಅಪಘಾತಕ್ಕೀಡಾದರೆ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಇದು ಮಾರುವವರ ಹಿತಕ್ಕೂ ಸಂಬಂಧಿಸಿದ್ದು. 2018ರ ಸೆಪ್ಟೆಂಬರ್ ನಂತರ ಹೊಸದಾಗಿ ಕೊಂಡ ಬೈಕುಗಳಿಗೆ ಮೊದಲ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಇರುತ್ತದೆ. 2019ರ ಬೈಕಿನದ್ದು ಈಗಾಗಲೇ ಮುಗಿದಿದೆ, ನವೀಕರಿಸಿದ್ದಾರೆಯೇ ಎಂದು ಪರೀಕ್ಷಾ ಸವಾರಿಗೆ ಮುಂಚೆಯೇ ನೋಡಬೇಕು.

ನಾವು ಮೊದಲು ಹೋದ ಅಂಗಡಿಯಲ್ಲಿ ಇಳಿಜಾರಿಗೆ ಒಯ್ಯಲು ಬಿಡಲೇ ಇಲ್ಲ, ಬೀದಿಯ ಕೊನೆಯವರೆಗೆ ಹೋಗಿ ಬನ್ನಿ ಎಂದರು. ಬೈಕು ಹಿಡಿದುಕೊಂಡು ಓಡಿಹೋಗುವವರ ಭಯ ಅವರಿಗಿರುವುದು ಸಹಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 350 ಸಿಸಿ ಬೈಕಿನ ಮಾಲೀಕರು ಅದಕ್ಕೆ ಸುಲಭದ ದಾರಿ ಕಂಡುಕೊಂಡಿದ್ದರು: ನಮ್ಮ ಹುಡುಗನ ಲೈಸೆನ್ಸನ್ನೂ ನಮ್ಮ ಸ್ಕೂಟರನ್ನೂ ತಮ್ಮಲ್ಲಿ ಇಟ್ಟುಕೊಂಡು, ಲೈಸೆನ್ಸಿನ ಫೋಟೊ ಅವನ ಮೊಬೈಲಿನಲ್ಲಿರುವುದನ್ನು ಖಚಿತಪಡಿಸಿಕೊಂಡು, ಗಂಡ ಹೆಂಡತಿ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಮದೆನಾಡಿನವರೆಗೆ ಇಳಿದು ಹತ್ತಿ ಬರಲು ಒಪ್ಪಿದರು. ಬಂದ ಮೇಲೆ ಎರಡು ಟೈರು, ಕೋನ್ ಸೆಟ್, ಬ್ರೇಕ್ ಎಣ್ಣೆ, ಸೀಟಿನ ಕೊಕ್ಕೆ, ಸೀರೆ ಗಾರ್ಡ್ ಮತ್ತು ಹಿಡಿಕೆಯ ಖರ್ಚನ್ನು ಅವರ ಮುಂದೆಯೇ ಪಟ್ಟಿ ಮಾಡಿದೆವು. ಅದರಷ್ಟನ್ನು ಬೆಲೆಯಿಂದ ಇಳಿಸಿ ಕೊಟ್ಟರು. ಗೇರು, ಚಾಸಿ, ಎಂಜಿನ್ ಮೂರೂ ಸರಿಯಿದ್ದುದರಿಂದ, ಇಬ್ಬರೂ ಕೂತು ಘಾಟಿ ಹತ್ತುವುದು ಅವನ ಮುಖ್ಯ ಅಗತ್ಯವಾದುದರಿಂದ ಅದನ್ನೇ ಕೊಳ್ಳುವಂತೆ ನಾನೂ ಹೇಳಿದೆ. ಒಬ್ಬರೇ ಓಡಾಡುವವರಿಗೆ, ತೋಟದ ಮಣ್ಣಿನ ದಾರಿಯೇ ಹೆಚ್ಚು ಇರುವವರಿಗೆ, ಆನೆ ಕಾಟದ ಊರಿನವರಿಗೆ 150 ಸಿಸಿಯ ಹಗುರ ಬೈಕೇ ಒಳ್ಳೆಯದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲೀಟರಿಗೆ ಸಿಗುವ ಮೈಲೇಜೂ ಅದರದ್ದೇ ಹೆಚ್ಚು.

ಆದ್ದರಿಂದ ಜಿಲ್ಲೆಯ ಹಳೆಯ ವಾಹನ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇದು: ಗುರುತಿನ ಚೀಟಿ ಮತ್ತು ಸ್ವಲ್ಪ ಮುಂಗಡ ಪಡೆದು, ಬೇಕಿದ್ದರೆ ತಮ್ಮವರೊಬ್ಬರನ್ನು ಇನ್ನೊಂದು ಬೈಕಿನಲ್ಲಿ ಜತೆಗೆ ಕಳುಹಿಸಿ, ಇಬ್ಬರು ಕೂತು ಏರು ಇಳಿಜಾರಿನಲ್ಲಿ ಪರೀಕ್ಷಾ ಸವಾರಿ ಮಾಡಲು ಬಿಡಿ, ಟೈರಿನ ತಯಾರಿಕೆಯ ವಾರ, ಕೊನೆಯ ಸರ್ವೀಸಿನ ದಿನಾಂಕ, ಬದಲಾಯಿಸಿದ ಭಾಗಗಳ ವಿವರವನ್ನು ರಸೀದಿಯ ಮೇಲೆ ಬರೆದುಕೊಡಿ. ತಮ್ಮ ಪತ್ರಿಕೆಯಲ್ಲಿ ನನ್ನ ಮನವಿ, ವಾಹನ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಐದಾರು ವರ್ಷ ಓಡಿದ ಒಂದು ಬೈಕನ್ನು ಮಲೆನಾಡಿನ ರಸ್ತೆಯಲ್ಲಿ ಓಡಿಸಿ ಅದರ ನಿಯಂತ್ರಣ, ಆರಾಮ, ದುರಸ್ತಿ ಖರ್ಚುಗಳ ಬಗ್ಗೆ ಬರೆಯಿಸಬೇಕು ಎಂಬುದು. ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಇರುವ ಮಾರ್ಚ್‌ನಿಂದ ಮೇವರೆಗಿನ ತಿಂಗಳುಗಳಲ್ಲಿ, ಮುಂಗಾರು ಹಿಡಿಯುವ ಮುನ್ನ, ಇಂಥ ಬರಹಗಳು ಬಂದರೆ ಕೊಳ್ಳುವವರಿಗೆ ಹೆಚ್ಚು ಪ್ರಯೋಜನವಾಗುತ್ತದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ನಾಪೋಕ್ಲು, ಕೊಡಗು ಜಿಲ್ಲೆ